ವಿಂಡೋಸ್ ಇರುವ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಸೇರಿಸುವುದು: ಡ್ಯುಯಲ್ ಬೂಟ್ ಮಾಡುವ ಕ್ರಮ

ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಆಪರೇಟಿಂಗ್ ಸಿಸ್ಟಮ್ ಇಟ್ಟು, ಆನ್ ಮಾಡಿದಾಗ ಬೇಕಾದ್ದನ್ನು ಆರಿಸಿಕೊಳ್ಳುವುದೇ ಡ್ಯುಯಲ್ ಬೂಟ್. ಲಿನಕ್ಸ್ ಇನ್‌ಸ್ಟಾಲ್ ಆಗಲು ಹಿಡಿಯುವುದು ಸಾಮಾನ್ಯವಾಗಿ ಅರ್ಧ ಗಂಟೆ. ಅದಕ್ಕೂ ಮೊದಲು ವಿಂಡೋಸ್‌ನಲ್ಲಿ ಮಾಡಿಕೊಳ್ಳಬೇಕಾದ ತಯಾರಿಗೆ ಒಂದು ಮಧ್ಯಾಹ್ನವೇ ಬೇಕು. ಈ ತಯಾರಿ ಬಿಟ್ಟು ನೇರ ಪೆನ್‌ಡ್ರೈವ್ ಚುಚ್ಚಿದವರೇ ಆಮೇಲೆ ‘ಡಿಸ್ಕ್ ಕಾಣಿಸ್ತಿಲ್ಲ’, ‘ರಿಕವರಿ ಕೀ ಕೇಳ್ತಿದೆ’, ‘ವಿಂಡೋಸ್ ಬೂಟ್ ಆಗ್ತಿಲ್ಲ’ ಎಂದು ತಲೆ ಕೆಡಿಸಿಕೊಳ್ಳುವುದು. ಹಾಗಾಗಿ ಇಲ್ಲಿ ಅರ್ಧಕ್ಕಿಂತ ಹೆಚ್ಚು ಮಾತು ತಯಾರಿಯದ್ದೇ.

ಇಲ್ಲಿ ಹೇಳಿರುವುದು ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರ್ ಇರುವ, ವಿಂಡೋಸ್ 10 ಅಥವಾ 11 ಈಗಾಗಲೇ ಇರುವ ಲ್ಯಾಪ್‌ಟಾಪ್‌ಗೆ. ಮ್ಯಾಕ್‌ಬುಕ್‌ಗಳಿಗೂ ಸ್ನ್ಯಾಪ್‌ಡ್ರ್ಯಾಗನ್ ಚಿಪ್‌ನ ಲ್ಯಾಪ್‌ಟಾಪ್‌ಗಳಿಗೂ ದಾರಿ ಬೇರೆ. ಉದಾಹರಣೆಗೆ ಲಿನಕ್ಸ್‌ನ ಹಲವು ರೂಪಗಳಲ್ಲಿ (ಡಿಸ್ಟ್ರೋ) ಒಂದಾದ ಉಬುಂಟು 24.04 ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಇಟ್ಟುಕೊಂಡಿದ್ದೇವೆ; ಲಿನಕ್ಸ್ ಮಿಂಟ್ 22 ಹಾಕಿದರೂ ಹೆಚ್ಚುಕಡಿಮೆ ಇದೇ ಕ್ರಮ, ವ್ಯತ್ಯಾಸ ಇರುವ ಕಡೆ ಹೇಳಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. 11ಕ್ಕೆ ಏರಲಾಗದ ಹಳೆ ಯಂತ್ರ ನಿಮ್ಮದಾದರೆ ಇಂಟರ್ನೆಟ್ ಕೆಲಸವನ್ನೆಲ್ಲ ಲಿನಕ್ಸ್ ಕಡೆಗೆ ಸಾಗಿಸಿ, ವಿಂಡೋಸನ್ನು ಒಂದೆರಡು ಸಾಫ್ಟ್‌ವೇರ್‌ಗೆ ಮಾತ್ರ ಉಳಿಸಿಕೊಳ್ಳುವುದು ಒಳ್ಳೆಯದು.

ಆಜ್ಞೆಗಳ ಬಗ್ಗೆ ಒಂದು ಮಾತು: ಕೀಲಿಮಣೆಯಲ್ಲಿ ಹೊಡೆಯಬೇಕಾದ ಪದಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹೊಡೆಯಿರಿ. ಸಾಧ್ಯವಾದ ಕಡೆಯೆಲ್ಲ ಮೌಸ್‌ನಲ್ಲೇ ಮುಗಿಯುವ ದಾರಿ ಕೊಟ್ಟಿದೆ.

ಬೇಕಾಗುವ ಸಾಮಾನು

8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು, 16 ಆದರೆ ಹಾಯಾಗಿರುತ್ತದೆ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಫೋಟೋ, ದಾಖಲೆಗಳ ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್. ಚಾರ್ಜರ್ ಚುಚ್ಚಿಯೇ ಇರಬೇಕು; ಪಾರ್ಟಿಶನ್ (ಡಿಸ್ಕ್‌ನ ಒಂದು ಪಾಲು) ಕುಗ್ಗುತ್ತಿರುವಾಗ ಬ್ಯಾಟರಿ ಸತ್ತರೆ ಫೈಲ್‌ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಟ್ಟಿರುವ ವ್ಯವಸ್ಥೆ) ಕೆಡಬಹುದು. ಫೋನ್ ಮತ್ತು ಅದರ ಯುಎಸ್‌ಬಿ ಕೇಬಲ್ ಪಕ್ಕದಲ್ಲಿರಲಿ. ಕೆಲವು ವೈಫೈ ಕಾರ್ಡ್‌ಗಳಿಗೆ ಡ್ರೈವರ್ ಆಮೇಲೆ ಇಳಿಸಿಕೊಳ್ಳಬೇಕಾಗುತ್ತದೆ, ಅಲ್ಲಿಯವರೆಗೆ ಯುಎಸ್‌ಬಿ ಟೆದರಿಂಗ್ (ಕೇಬಲ್ ಮೂಲಕ ಫೋನಿನ ಇಂಟರ್ನೆಟ್ ಬಳಸುವುದು) ನಿಮ್ಮನ್ನು ಕಾಪಾಡುತ್ತದೆ.

ಬ್ಯಾಕಪ್ ಎಂದರೆ ಅದೇ ಲ್ಯಾಪ್‌ಟಾಪ್‌ನ ಡಿ ಡ್ರೈವ್‌ಗೆ ಕಾಪಿ ಮಾಡಿಟ್ಟದ್ದಲ್ಲ. ಡಿ ಡ್ರೈವ್ ಇರುವುದೂ ಅದೇ ಡಿಸ್ಕ್‌ನಲ್ಲಿ.

ನಿಮ್ಮ ಯಂತ್ರ ಹೇಗೆ ಬೂಟ್ ಆಗುತ್ತಿದೆ?

ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಎಮ್‌ಎಸ್‌ಇನ್ಫೋ32’ ಎಂದು ಹೊಡೆಯಿರಿ. ಬರುವ ಪಟ್ಟಿಯಲ್ಲಿ ‘ಬಯೋಸ್ ಮೋಡ್’ ಎಂಬ ಸಾಲು ಹುಡುಕಿ. ಬಯೋಸ್ ಎಂದರೆ ವಿಂಡೋಸ್ ಏಳುವ ಮೊದಲೇ ಓಡುವ, ಯಂತ್ರದೊಳಗಿನ ತಂತ್ರಾಂಶ; ಅದರ ಹೊಸ ರೂಪ ಯುಇಎಫ್ಐ, ಹಳೆಯದು ಲೆಗಸಿ. ಎದುರಿಗೆ ಯುಇಎಫ್ಐ ಎಂದಿದ್ದರೆ ಮುಂದುವರಿಯಬಹುದು. ವಿಂಡೋಸ್ 11 ಅಧಿಕೃತವಾಗಿ ನಡೆಯುವ ಯಂತ್ರದಲ್ಲಿ ಹಾಗೇ ಇರುತ್ತದೆ. ‘ಲೆಗಸಿ’ ಎಂದಿದ್ದರೆ ಡಿಸ್ಕ್ ಬಹುತೇಕ ಹಳೆಯ ಎಮ್‌ಬಿಆರ್ ಪದ್ಧತಿಯದ್ದು, ಅದರಲ್ಲಿ ಪ್ರೈಮರಿ ಪಾರ್ಟಿಶನ್ 4ಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಅಂಥ ಯಂತ್ರದಲ್ಲಿ ಪೆನ್‌ಡ್ರೈವನ್ನೂ ಲೆಗಸಿ ಮೋಡ್‌ನಲ್ಲೇ ಬೂಟ್ ಮಾಡಬೇಕು. ಒಂದು ಸಿಸ್ಟಮ್ ಲೆಗಸಿಯಲ್ಲಿ, ಇನ್ನೊಂದು ಯುಇಎಫ್ಐನಲ್ಲಿ ಕೂತರೆ ಒಂದಕ್ಕೊಂದು ಕಾಣಿಸುವುದೇ ಇಲ್ಲ. ಬೂಟ್ ಮೆನು ಬರದಿರುವ ಎಷ್ಟೋ ದೂರುಗಳ ಬೇರು ಇದೇ.

ಅದೇ ಪಟ್ಟಿಯಲ್ಲಿ ‘ಸೆಕ್ಯೂರ್ ಬೂಟ್ ಸ್ಟೇಟ್’ ಕೂಡ ಇದೆ. ಸಹಿ ಇರುವ ಬೂಟ್‌ಲೋಡರನ್ನು (ಸಿಸ್ಟಮನ್ನು ಎಬ್ಬಿಸುವ ಪ್ರೋಗ್ರಾಮ್) ಮಾತ್ರ ಏಳಲು ಬಿಡುವ ಕಾವಲು ಈ ಸೆಕ್ಯೂರ್ ಬೂಟ್. ಅದು ಆನ್ ಇದ್ದರೆ ಇರಲಿ ಬಿಡಿ. ಸೆಕ್ಯೂರ್ ಬೂಟ್ ಆಫ್ ಮಾಡಿಯೇ ಶುರುಮಾಡಬೇಕು ಎಂಬ ಸಲಹೆ ಹಳೆ ಕಾಲದ್ದು. ಉಬುಂಟು, ಮಿಂಟ್, ಫೆಡೋರಾ ಮೂರರ ಬೂಟ್‌ಲೋಡರ್‌ಗೂ ಸಹಿ ಇದೆ, ಆನ್ ಇದ್ದರೂ ಏಳುತ್ತವೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಬಯೋಸ್ ಒಳಗೆ ‘ಅಲೌ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್ಐ ಸಿಎ’ ಎಂಬ ಆಯ್ಕೆ ಆಫ್ ಆಗಿ ಬಂದಿರುತ್ತದೆ. ಅದನ್ನು ಆನ್ ಮಾಡದಿದ್ದರೆ ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಬಿಡುವುದಿಲ್ಲ.

ಬಿಟ್‌ಲಾಕರ್: ಮೊದಲು ಕೀ, ಆಮೇಲೆ ಬೇರೆ ಮಾತು

‘ನಾನು ಬಿಟ್‌ಲಾಕರ್ ಹಾಕೇ ಇಲ್ಲ’ ಎಂದು ಈ ಭಾಗವನ್ನು ದಾಟಿ ಹೋಗಬೇಡಿ. ಡಿಸ್ಕ್‌ನ ಡೇಟಾವನ್ನು ಗೂಢಲಿಪಿಗೆ ಬದಲಿಸಿ (ಎನ್‌ಕ್ರಿಪ್ಶನ್) ಬೀಗ ಹಾಕುವ ವಿಂಡೋಸ್‌ನ ಸೌಲಭ್ಯವೇ ಬಿಟ್‌ಲಾಕರ್; ಡಿವೈಸ್ ಎನ್‌ಕ್ರಿಪ್ಶನ್ ಅದರದ್ದೇ ಸರಳ ರೂಪ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆಗುತ್ತದೆ. ಯಾರೂ ನಿಮ್ಮನ್ನು ಕೇಳಿರುವುದಿಲ್ಲ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್‌ನಂಥದ್ದೇನಾದರೂ ಬದಲಾದ ಮರುಕ್ಷಣ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲ ಎಂದರೆ ಡೇಟಾ ಇಲ್ಲ. ಸುತ್ತು ದಾರಿ ಯಾವುದೂ ಇಲ್ಲ.

ಹೋಮ್ ಆವೃತ್ತಿಯಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಶನ್ ನೋಡಿ. ಪ್ರೊ ಆವೃತ್ತಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಡ್ರೈವ್ ಎನ್‌ಕ್ರಿಪ್ಶನ್. ಆನ್ ಇದ್ದರೆ ಮೊದಲ ಕೆಲಸ, ಮೈಕ್ರೋಸಾಫ್ಟ್ ಖಾತೆಯ ವೆಬ್ ಪುಟಕ್ಕೆ ಹೋಗಿ ನಿಮ್ಮ ಡಿವೈಸ್‌ನ ರಿಕವರಿ ಕೀ ತೆರೆದು ಕಾಗದದ ಮೇಲೆ ಬರೆದುಕೊಳ್ಳುವುದು. ಸ್ಕ್ರೀನ್‌ಶಾಟ್ ತೆಗೆದು ಅದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡರೆ ಕೋಣೆಯ ಬೀಗದ ಕೈಯನ್ನು ಕೋಣೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡಂತೆ.

ಎರಡನೆಯದು, ಎನ್‌ಕ್ರಿಪ್ಶನನ್ನು ಪೂರ್ತಿ ಆಫ್ ಮಾಡುವುದು. ಡಿಸ್ಕ್ ಎಷ್ಟು ತುಂಬಿದೆ ಎಂಬುದರ ಮೇಲೆ ಇದಕ್ಕೆ ಹತ್ತಾರು ನಿಮಿಷವೂ ಹಿಡಿಯಬಹುದು, ಗಂಟೆಗಳೂ ಹಿಡಿಯಬಹುದು. ಬರೀ ‘ಸಸ್ಪೆಂಡ್’ ಮಾಡಿದರೆ ಸಾಲದು, ಏಕೆಂದರೆ ಆಗಲೂ ಡಿಸ್ಕ್ ಮೇಲಿನ ಡೇಟಾ ಗೂಢಲಿಪಿಯಲ್ಲೇ ಇರುತ್ತದೆ, ಲಿನಕ್ಸ್ ಇನ್‌ಸ್ಟಾಲರ್ ಆ ಪಾರ್ಟಿಶನ್ ಕಂಡು ಅಲ್ಲೇ ನಿಂತುಬಿಡುತ್ತದೆ. ಎಲ್ಲ ಮುಗಿದ ಮೇಲೆ ಬೇಕೆನಿಸಿದರೆ ಮತ್ತೆ ಆನ್ ಮಾಡಿಕೊಳ್ಳಬಹುದು. ಆಗ ಗ್ರಬ್ (ಲಿನಕ್ಸ್‌ನ ಬೂಟ್‌ಲೋಡರ್) ಮೆನುವಿನ ಮೂಲಕ ವಿಂಡೋಸ್‌ಗೆ ಹೋದಾಗಲೆಲ್ಲ ಕೀ ಕೇಳಬಹುದು. ಹಾಗಾದರೆ ವಿಂಡೋಸನ್ನು ಬಯೋಸ್‌ನ ಬೂಟ್ ಮೆನುವಿನಿಂದಲೇ ಆರಿಸಿಕೊಳ್ಳುವುದು ವಾಸಿ.

ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ

ವಿಂಡೋಸ್‌ನಲ್ಲಿ ‘ಶಟ್ ಡೌನ್’ ಒತ್ತಿದರೆ ಅದು ನಿಜಕ್ಕೂ ಪೂರ್ತಿ ಮಲಗುವುದಿಲ್ಲ. ಕರ್ನಲ್‌ನ (ಸಿಸ್ಟಮ್‌ನ ತಿರುಳು) ಸ್ಥಿತಿಯನ್ನು ಒಂದು ಫೈಲಿಗೆ ಬರೆದಿಟ್ಟು ಅರೆನಿದ್ದೆಗೆ ಜಾರುತ್ತದೆ. ಮುಂದಿನ ಸಲ ಬೇಗ ಏಳಲೆಂದು ಮಾಡಿರುವ ಉಪಾಯ ಇದು. ಈ ಸ್ಥಿತಿಯಲ್ಲಿ ಸಿ ಡ್ರೈವ್ ವಿಂಡೋಸ್‌ನ ಲೆಕ್ಕದಲ್ಲಿ ಇನ್ನೂ ಬಳಕೆಯಲ್ಲಿದೆ. ಲಿನಕ್ಸ್ ಅದನ್ನು ಓದಲಷ್ಟೇ ತೆರೆಯುತ್ತದೆ, ಇಲ್ಲವೇ ತೆರೆಯಲು ಒಪ್ಪುವುದೇ ಇಲ್ಲ. ಹಟ ಮಾಡಿ ಬರೆದರೆ ಫೈಲ್‌ಗಳು ಕೆಡುತ್ತವೆ.

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’. ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೇಲಬಲ್’ ಒತ್ತದಿದ್ದರೆ ಕೆಳಗಿನ ಚೌಕಗಳೆಲ್ಲ ಮಂಕಾಗಿಯೇ ಇರುತ್ತವೆ. ಒತ್ತಿದ ಮೇಲೆ ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಮುಂದಿನ ಗುರುತು ತೆಗೆದು ಸೇವ್ ಮಾಡಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಇದು ಮತ್ತೆ ಆನ್ ಆಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ‘ರೀಸ್ಟಾರ್ಟ್’ಗೆ ಈ ತೊಂದರೆ ಇಲ್ಲ, ಅದು ಎಂದಿಗೂ ಪೂರ್ತಿ ಮುಚ್ಚಿಯೇ ಏಳುತ್ತದೆ.

ಡಿಸ್ಕ್ ಕಂಟ್ರೋಲರ್: ಆರ್‌ಎಸ್‌ಟಿ ಇದ್ದರೆ

ಡಿವೈಸ್ ಮ್ಯಾನೇಜರ್ ತೆರೆದು ‘ಸ್ಟೋರೇಜ್ ಕಂಟ್ರೋಲರ್ಸ್’ ಬಿಡಿಸಿ. ‘ಸ್ಟ್ಯಾಂಡರ್ಡ್ ಎನ್‌ವಿಎಮ್ ಎಕ್ಸ್‌ಪ್ರೆಸ್ ಕಂಟ್ರೋಲರ್’ ಎಂದಷ್ಟೇ ಇದ್ದರೆ ಈ ಭಾಗ ನಿಮಗೆ ಬೇಡ. ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಮ್‌ಡಿ (ಡಿಸ್ಕ್‌ಗಳನ್ನು ನಿಭಾಯಿಸುವ ಇಂಟೆಲ್‌ನ ವ್ಯವಸ್ಥೆಗಳು) ಎಂಬ ಹೆಸರು ಕಂಡರೆ ಲಿನಕ್ಸ್ ಇನ್‌ಸ್ಟಾಲರ್‌ಗೆ ನಿಮ್ಮ ಎಸ್‌ಎಸ್‌ಡಿ ಕಾಣದೇ ಹೋಗಬಹುದು. ವಿಎಮ್‌ಡಿಗೆ ಈಗಿನ ಕರ್ನಲ್‌ಗಳಲ್ಲಿ ಡ್ರೈವರ್ ಇದೆ; ಹಳೆಯ ರೇಡ್ ಮೋಡ್ ಆರ್‌ಎಸ್‌ಟಿಯಲ್ಲೇ ಹೆಚ್ಚು ತಾಪತ್ರಯ. ಹಾಗಾಗಿ ಮೊದಲು ಪೆನ್‌ಡ್ರೈವ್‌ನಿಂದ (ಅದರ ತಯಾರಿ ಮುಂದೆ ಹೇಳಿದೆ) ಬೂಟ್ ಮಾಡಿ ಡಿಸ್ಕ್ ಕಾಣುತ್ತದೆಯೇ ನೋಡಿ. ಕಂಡರೆ ಏನನ್ನೂ ಮುಟ್ಟಬೇಡಿ.

ಕಾಣದಿದ್ದರೆ ಬಯೋಸ್‌ನಲ್ಲಿ ಎಎಚ್‌ಸಿಐಗೆ (ಡಿಸ್ಕ್ ಜೊತೆ ಮಾತಾಡುವ ಸಾಮಾನ್ಯ ಪದ್ಧತಿ) ಬದಲಿಸಬೇಕು ಅಥವಾ ವಿಎಮ್‌ಡಿ ಆಫ್ ಮಾಡಬೇಕು. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ತೋರಿಸಿ ಕೂರುತ್ತದೆ. ಅದಕ್ಕೆ ಬೇಕಾದ ಡ್ರೈವರ್ ಬೂಟ್ ಹೊತ್ತಿನಲ್ಲಿ ಏಳುವಂತೆ ಸಜ್ಜಾಗಿಲ್ಲದಿರುವುದೇ ಕಾರಣ. ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದರೆ ವಿಂಡೋಸ್ ಆ ಡ್ರೈವರನ್ನು ತಾನೇ ಹುಡುಕಿ ಕೂರಿಸಿಕೊಳ್ಳುತ್ತದೆ. ಕ್ರಮ ಹೀಗೆ:

1. ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಎಮ್‌ಎಸ್‌ಕಾನ್ಫಿಗ್’ ತೆರೆಯಿರಿ. ‘ಬೂಟ್’ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’, ‘ಮಿನಿಮಲ್’ ಗುರುತಿಸಿ.
2. ರೀಸ್ಟಾರ್ಟ್ ಮಾಡಿ ನೇರ ಬಯೋಸ್‌ಗೆ ಹೋಗಿ, ಎಎಚ್‌ಸಿಐ ಆರಿಸಿ ಸೇವ್ ಮಾಡಿ.
3. ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ. ಇಲ್ಲಿ ನಾಲ್ಕಂಕಿಯ ಪಿನ್ ನಡೆಯದೇ ಇರಬಹುದು, ಖಾತೆಯ ನಿಜವಾದ ಪಾಸ್‌ವರ್ಡ್ ಗೊತ್ತಿರಲಿ.
4. ಎಮ್‌ಎಸ್‌ಕಾನ್ಫಿಗ್ ಮತ್ತೆ ತೆರೆದು ಗುರುತು ತೆಗೆದು ರೀಸ್ಟಾರ್ಟ್ ಮಾಡಿ.

ಏಸರ್‌ನ ಕೆಲವು ಮಾಡೆಲ್‌ಗಳ ಬಯೋಸ್‌ನಲ್ಲಿ ಈ ಆಯ್ಕೆ ಅಡಗಿರುತ್ತದೆ. ‘ಮೇನ್’ ಪುಟದಲ್ಲಿ ಕಂಟ್ರೋಲ್ ಜೊತೆ ಎಸ್ ಒತ್ತಿದರೆ ಹೊರಗೆ ಬರುತ್ತದೆ.

ಜಾಗ ಬಿಡಿಸುವುದು

ಉಬುಂಟುಗೆ ಕನಿಷ್ಠ 25 ಜಿಬಿ ಬೇಕು ಎನ್ನುತ್ತಾರೆ. ಅಷ್ಟೇ ಕೊಟ್ಟರೆ ಕೆಲವೇ ತಿಂಗಳಲ್ಲಿ ಉಸಿರು ಕಟ್ಟುತ್ತದೆ. 60 ಜಿಬಿಗಿಂತ ಕಡಿಮೆ ಕೊಡಬೇಡಿ. 512 ಜಿಬಿ ಎಸ್‌ಎಸ್‌ಡಿ ಇದ್ದರೆ 100 ಸರಿಯಾದ ಅಳತೆ. ಸಿ ಡ್ರೈವ್‌ನಲ್ಲೂ 30 ಜಿಬಿಯಷ್ಟಾದರೂ ಖಾಲಿ ಉಳಿಯಲಿ, ಇಲ್ಲದಿದ್ದರೆ ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗಳು ಅರ್ಧಕ್ಕೇ ನಿಲ್ಲುತ್ತವೆ.

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಸಿ ಡ್ರೈವ್ ಮೇಲೆ ಬಲ ಕ್ಲಿಕ್, ‘ಶ್ರಿಂಕ್ ವಾಲ್ಯೂಮ್’. ಬರುವ ಕಿಟಕಿಯಲ್ಲಿ ನಾಲ್ಕು ಸಂಖ್ಯೆಗಳಿರುತ್ತವೆ: ಈಗಿನ ಒಟ್ಟು ಗಾತ್ರ, ಕುಗ್ಗಿಸಲು ಸಿಗುವ ಜಾಗ, ಕುಗ್ಗಿಸಬೇಕಾದ ಜಾಗ, ಕುಗ್ಗಿದ ಮೇಲಿನ ಗಾತ್ರ. ನೀವು ತಿದ್ದಬಹುದಾದದ್ದು ಮೂರನೆಯದು ಮಾತ್ರ. ಅಲ್ಲಿ ಮೊದಲೇ ತುಂಬಿರುವುದು ಗರಿಷ್ಠ ಸಂಖ್ಯೆ, ಅದನ್ನು ಹಾಗೇ ಬಿಟ್ಟು ಒಪ್ಪಿಗೆ ಕೊಟ್ಟರೆ ವಿಂಡೋಸ್‌ಗೆ ಉಸಿರಾಡಲೂ ಜಾಗ ಉಳಿಯುವುದಿಲ್ಲ. ಲೆಕ್ಕ ಇರುವುದು ಎಂಬಿಯಲ್ಲಿ, 1 ಜಿಬಿಗೆ 1024 ಎಂಬಿ. ಅಂದರೆ 80 ಜಿಬಿಗೆ 81920, 100 ಜಿಬಿಗೆ 102400.

ಈಗ ಬರುವ ಸಾಮಾನ್ಯ ತಕರಾರು: 200 ಜಿಬಿ ಖಾಲಿ ಇದ್ದರೂ ‘ಕುಗ್ಗಿಸಲು ಸಿಗುವುದು 8 ಜಿಬಿ’ ಎಂದು ತೋರಿಸುತ್ತದೆ. ಪಾರ್ಟಿಶನ್ನಿನ ನಡುವೆಯೋ ಕೊನೆಯಲ್ಲೋ ಕದಲಿಸಲಾಗದ ಒಂದು ಫೈಲ್ ಬೀಡುಬಿಟ್ಟಿದೆ ಎಂದು ಇದರ ಅರ್ಥ. ಹೈಬರ್ನೇಶನ್ ಫೈಲ್, ಪೇಜ್ ಫೈಲ್, ಸಿಸ್ಟಮ್ ರೀಸ್ಟೋರ್‌ನ ಪ್ರತಿಗಳು, ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಇರುತ್ತದೆ. ಯಾವುದು ಎಂದು ತಿಳಿಯಬೇಕಾದರೆ ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 259 ಸಂಖ್ಯೆಯ ನಮೂದು ನೋಡಿ. ದಾರಿಗೆ ಅಡ್ಡ ಕೂತ ಫೈಲಿನ ಹೆಸರನ್ನೇ ಅಲ್ಲಿ ಬರೆದಿರುತ್ತದೆ. ಅಡ್ಮಿನ್ ಅನುಮತಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಹೊಡೆದರೆ ಹೈಬರ್ನೇಶನ್ ಫೈಲ್ ಹೋಗುತ್ತದೆ, ಅದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ. ಸಿಸ್ಟಮ್ ಪ್ರೊಟೆಕ್ಷನ್ ಮತ್ತು ಪೇಜ್ ಫೈಲನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಕುಗ್ಗಿಸಿ ನೋಡಿ. ಕುಗ್ಗಿದ ಕೂಡಲೇ ಇವೆರಡನ್ನೂ ಮತ್ತೆ ಆನ್ ಮಾಡಲು ಮರೆಯಬೇಡಿ.

ಕುಗ್ಗಿಸಿದ ಮೇಲೆ ಕಪ್ಪು ಪಟ್ಟಿಯ ‘ಅನ್‌ಅಲೊಕೇಟೆಡ್’ ಜಾಗ ಕಾಣುತ್ತದೆ. ಅದನ್ನು ಹಾಗೇ ಬಿಡಿ. ಅಲ್ಲಿ ಹೊಸ ಡ್ರೈವ್ ಮಾಡಿ, ಫಾರ್ಮ್ಯಾಟ್ ಮಾಡಿ, ಹೆಸರಿಟ್ಟರೆ ಇನ್‌ಸ್ಟಾಲರ್ ಅದನ್ನು ಖಾಲಿ ಜಾಗ ಎಂದು ಗುರುತಿಸುವುದಿಲ್ಲ. ಒಮ್ಮೆ ರೀಸ್ಟಾರ್ಟ್ ಮಾಡಿ ವಿಂಡೋಸ್ ಸರಿಯಾಗಿ ಏಳುತ್ತದೆ ಎಂದು ಖಾತ್ರಿಪಡಿಸಿಕೊಂಡೇ ಮುಂದೆ ಹೋಗಿ.

ಪೆನ್‌ಡ್ರೈವ್ ತಯಾರಿ

ಐಎಸ್‌ಒ ಫೈಲನ್ನು (ಇಡೀ ಇನ್‌ಸ್ಟಾಲರ್ ಅಡಗಿರುವ ಒಂದೇ ಫೈಲ್) ಉಬುಂಟುವಿನ ಅಥವಾ ಮಿಂಟ್‌ನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಇಳಿದದ್ದು ಪೂರ್ತಿ ಇದೆಯೇ ಎಂದು ನೋಡಲು 7-ಜಿಪ್ ಇದ್ದರೆ ಸುಲಭ: ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ಆರಿಸಿದರೆ 64 ಅಕ್ಷರದ ಸಾಲು ಬರುತ್ತದೆ. ತಾಣದಲ್ಲಿ ಕೊಟ್ಟ ಸಾಲಿಗೆ ತಾಳೆಯಾಗದಿದ್ದರೆ ಮತ್ತೆ ಇಳಿಸಿ. ಅರೆಬರೆ ಇಳಿದ ಐಎಸ್‌ಒ ಇನ್‌ಸ್ಟಾಲ್ ನಡುವೆಯೇ ಕೈಕೊಡುತ್ತದೆ, ಆಗ ಬೈಗುಳ ತಿನ್ನುವುದು ಪಾಪ ಎಸ್‌ಎಸ್‌ಡಿ.

ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ಎಂಬ ತಂತ್ರಾಂಶದಲ್ಲಿ ಪೆನ್‌ಡ್ರೈವ್, ಐಎಸ್‌ಒ ಎರಡನ್ನೂ ಆರಿಸಿ. ಯುಇಎಫ್ಐ ಯಂತ್ರಕ್ಕೆ ‘ಪಾರ್ಟಿಶನ್ ಸ್ಕೀಮ್’ ಜಿಪಿಟಿ, ‘ಟಾರ್ಗೆಟ್ ಸಿಸ್ಟಮ್’ ಯುಇಎಫ್ಐ; ಲೆಗಸಿ ಯಂತ್ರಕ್ಕೆ ‘ಪಾರ್ಟಿಶನ್ ಸ್ಕೀಮ್’ ಎಮ್‌ಬಿಆರ್. ಸ್ಟಾರ್ಟ್ ಒತ್ತಿದಾಗ ಐಎಸ್‌ಒ ಮೋಡ್ ಬೇಕೋ ಡಿಡಿ ಮೋಡ್ ಬೇಕೋ ಎಂದು ಕೇಳಿದರೆ ಮೊದಲನೆಯದು. ಅದರಿಂದ ಬೂಟ್ ಆಗದಿದ್ದರೆ ಡಿಡಿಯಲ್ಲಿ ಮತ್ತೆ ಬರೆಯಿರಿ. ಡಿಡಿಯಲ್ಲಿ ಬರೆದ ಪೆನ್‌ಡ್ರೈವ್ ಕಂಡು ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದರೆ ಬೇಡ ಎನ್ನಿ.

ಬೂಟ್ ಮಾಡಿ, ಮೊದಲು ಪರೀಕ್ಷಿಸಿ

ಬೂಟ್ ಮೆನು ಕೀ ಕಂಪನಿಯಿಂದ ಕಂಪನಿಗೆ ಬೇರೆ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್, ಎಮ್‌ಎಸ್ಐನಲ್ಲಿ ಎಫ್11. ಏಸರ್‌ನಲ್ಲೂ ಎಫ್12, ಆದರೆ ಹಲವು ಮಾಡೆಲ್‌ಗಳಲ್ಲಿ ಬಯೋಸ್‌ಗೆ ಹೋಗಿ ಆ ಕೀಯನ್ನು ಮೊದಲು ಆನ್ ಮಾಡಬೇಕು. ಕೀ ಹಿಡಿಯಲು ಆಗದಿದ್ದರೆ ವಿಂಡೋಸ್‌ನಲ್ಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ‘ಯೂಸ್ ಎ ಡಿವೈಸ್’ ಆರಿಸಿ.

ಪೆನ್‌ಡ್ರೈವ್‌ನಿಂದ ಎದ್ದ ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆಯೇ ಬಳಸಿ ನೋಡಬಹುದು, ಹತ್ತು ನಿಮಿಷ ನೋಡಿ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳ ಸ್ಕ್ರಾಲ್, ಬ್ರೈಟ್‌ನೆಸ್ ಕೀಗಳು, ಬ್ಲೂಟೂತ್. ಮುಚ್ಚಳ ಮುಚ್ಚಿ ತೆರೆದಾಗ ಪರದೆ ಬರುತ್ತದೆಯೇ ಎಂಬುದನ್ನು ಯಾರೂ ನೋಡುವುದಿಲ್ಲ, ಆಮೇಲೆ ದಿನವೂ ಕಾಡುವುದು ಅದೇ. ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಪರದೆ ಕಪ್ಪಾಗಿಯೇ ನಿಂತರೆ ಮೊದಲ ಮೆನುವಿನಲ್ಲಿ ‘ಸೇಫ್ ಗ್ರಾಫಿಕ್ಸ್’ ಎಂಬ ಸಾಲು ಆರಿಸಿ.

ಇನ್‌ಸ್ಟಾಲರ್

ಭಾಷೆ, ಕೀಬೋರ್ಡ್, ನೆಟ್‌ವರ್ಕ್ ಪುಟಗಳಲ್ಲಿ ಹೇಳುವಂಥದ್ದೇನಿಲ್ಲ. ‘ಥರ್ಡ್ ಪಾರ್ಟಿ ಸಾಫ್ಟ್‌ವೇರ್’ ಗುರುತು ಹಾಕಿ. ಎನ್‌ವಿಡಿಯಾ ಮತ್ತು ಕೆಲವು ವೈಫೈ ಡ್ರೈವರ್ ಬರುವುದು ಅದರಿಂದಲೇ. ಸೆಕ್ಯೂರ್ ಬೂಟ್ ಆನ್ ಇದ್ದರೆ ಇಲ್ಲಿ ಒಂದು ಪಾಸ್‌ವರ್ಡ್ ಕೇಳಬಹುದು. ಒಮ್ಮೆ ಮಾತ್ರ ಬೇಕಾಗುವ ಪಾಸ್‌ವರ್ಡ್ ಇದು, ನೆನಪಿನಲ್ಲಿರಲಿ.

ಮುಖ್ಯ ಪುಟ ಡಿಸ್ಕ್‌ನದ್ದು. ‘ಇನ್‌ಸ್ಟಾಲ್ ಅಲಾಂಗ್‌ಸೈಡ್ ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಆಯ್ಕೆ ಕಂಡರೆ, ಒಂದೇ ಡಿಸ್ಕ್ ಇರುವವರಿಗೆ ಅದೇ ಸಾಕು. ‘ಇರೇಸ್ ಡಿಸ್ಕ್’ ಎಂಬುದು ಅಕ್ಷರಶಃ ಹಾಗೆಯೇ: ವಿಂಡೋಸ್, ರಿಕವರಿ, ನಿಮ್ಮ ಫೋಟೋ ಎಲ್ಲವೂ ಹೋಗುತ್ತದೆ. ಅಲಾಂಗ್‌ಸೈಡ್ ಕಾಣಿಸದೆ ಇರೇಸ್ ಮಾತ್ರ ಕಂಡರೆ ಮುಂದೆ ಹೋಗದೆ ನಿಲ್ಲಿ. ಮೋಡ್ ತಪ್ಪಿದೆ, ಬಿಟ್‌ಲಾಕರ್ ಉಳಿದಿದೆ ಅಥವಾ ಡಿಸ್ಕ್ ಕಂಟ್ರೋಲರ್ ಅಡ್ಡ ಬಂದಿದೆ.

ಕೈಯಾರೆ ಮಾಡುವುದಾದರೆ ಉಬುಂಟುವಿನಲ್ಲಿ ‘ಮ್ಯಾನುಯಲ್ ಇನ್‌ಸ್ಟಾಲೇಶನ್’, ಮಿಂಟ್‌ನಲ್ಲಿ ‘ಸಮ್‌ಥಿಂಗ್ ಎಲ್ಸ್’. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಪಟ್ಟಿ ಹೀಗಿರುತ್ತದೆ: ಮೊದಲು 100 ಅಥವಾ 260 ಎಂಬಿಯ ಫ್ಯಾಟ್32 ಪಾರ್ಟಿಶನ್, ಅದೇ ಬೂಟ್ ಫೈಲ್‌ಗಳಿರುವ ಇಎಫ್ಐ. ನಂತರ ಮೈಕ್ರೋಸಾಫ್ಟ್ ಕಾದಿರಿಸಿದ 16 ಎಂಬಿ. ಆಮೇಲೆ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್‌ಸಿಸ್ಟಮ್) ಎಂದಿರುವ ದೊಡ್ಡದು, ಅದು ಸಿ ಡ್ರೈವ್. ಅದರ ಪಕ್ಕ ನೀವು ಬಿಡಿಸಿದ ಖಾಲಿ ಜಾಗ. ಕೊನೆಗೆ ಮತ್ತೊಂದು ಸಣ್ಣ ಎನ್‌ಟಿಎಫ್‌ಎಸ್, ವಿಂಡೋಸ್‌ನ ರಿಕವರಿ. ಇವುಗಳಲ್ಲಿ ನೀವು ಕೈ ಹಾಕಬೇಕಾದದ್ದು ಖಾಲಿ ಜಾಗಕ್ಕೆ ಮಾತ್ರ.

ಖಾಲಿ ಜಾಗ ಆರಿಸಿ, ಪ್ಲಸ್ ಒತ್ತಿ, ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್‌ಸಿಸ್ಟಮ್), ಮೌಂಟ್ ಪಾಯಿಂಟ್ ಒಂದು ಓರೆಗೆರೆ (/). ಹೋಮ್‌ಗೆ (ನಿಮ್ಮ ಫೈಲ್‌ಗಳಿರುವ ಫೋಲ್ಡರ್) ಪ್ರತ್ಯೇಕ ಪಾರ್ಟಿಶನ್ ಬೇಕೇ ಎಂಬ ಚರ್ಚೆ ಹಳೆಯದು. 100 ಜಿಬಿಯೊಳಗಿದ್ದರೆ ಒಡೆಯಬೇಡಿ, ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಬಿದ್ದಿರುತ್ತದೆ. ಸ್ವಾಪ್‌ಗೂ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಬೇರೆ ಪಾರ್ಟಿಶನ್ ಬೇಡ, ಉಬುಂಟು ಫೈಲ್ ರೂಪದಲ್ಲಿ ತಾನೇ ಮಾಡಿಕೊಳ್ಳುತ್ತದೆ. ಹೈಬರ್ನೇಟ್ ಬೇಕೇಬೇಕು ಎನ್ನುವವರು ಮಾತ್ರ ರ‍್ಯಾಮ್‌ನಷ್ಟಾದರೂ ದೊಡ್ಡ ಸ್ವಾಪ್ ಇಡಿ.

ಈಗ ಇಎಫ್ಐ ಪಾರ್ಟಿಶನ್. ಎರಡೂ ಸಿಸ್ಟಮ್‌ಗಳು ಇದನ್ನೇ ಹಂಚಿಕೊಳ್ಳುತ್ತವೆ, ತಮ್ಮ ತಮ್ಮ ಫೋಲ್ಡರ್‌ನಲ್ಲಿ. ಇದರ ಎದುರಿಗೆ ‘ಫಾರ್ಮ್ಯಾಟ್’ ಚೌಕದಲ್ಲಿ ಗುರುತು ಇರಲೇಬಾರದು. ಇದ್ದರೆ ವಿಂಡೋಸ್‌ನ ಬೂಟ್ ಫೈಲ್‌ಗಳು ಅಳಿಸಿಹೋಗುತ್ತವೆ. 24.04ರಲ್ಲಿ ಕೆಳಗಡೆ ಬೂಟ್‌ಲೋಡರ್‌ಗೆ ಡಿಸ್ಕ್ ಆರಿಸಿದರೆ ಇಎಫ್ಐ ತಾನಾಗಿಯೇ ಹೊಂದಿಕೊಳ್ಳುತ್ತದೆ. 100 ಎಂಬಿ ಸಾಕೇ ಎಂದರೆ ಉಬುಂಟು, ಮಿಂಟ್‌ಗೆ ಸಾಕು, ಅವು ಕರ್ನಲನ್ನು ಬೇರೆಡೆ ಇಡುತ್ತವೆ. ಪಾಪ್ ಓಎಸ್‌ನಂತೆ ಕರ್ನಲನ್ನೂ ಇಎಫ್ಐಯೊಳಗೇ ಇಡುವ ಡಿಸ್ಟ್ರೋಗಳಿಗೆ ಸಾಲದು.

ಎರಡನೇ ಎಸ್‌ಎಸ್‌ಡಿ ಹಾಕಲು ಜಾಗ ಇರುವ ಲ್ಯಾಪ್‌ಟಾಪ್ ನಿಮ್ಮದಾದರೆ ಲಿನಕ್ಸನ್ನು ಅದರಲ್ಲೇ ಇಡಿ. ಕುಗ್ಗಿಸುವ ಕೆಲಸವೇ ಇಲ್ಲ, ಒಂದು ಕೆಟ್ಟರೆ ಇನ್ನೊಂದಕ್ಕೆ ಧಕ್ಕೆಯಿಲ್ಲ. ಒಂದೇ ಎಚ್ಚರ: ಮಿಂಟ್ ಮತ್ತು ಹಳೆ ಉಬುಂಟುವಿನ ಇನ್‌ಸ್ಟಾಲರ್, ನೀವು ಎರಡನೇ ಡಿಸ್ಕ್ ಆರಿಸಿದರೂ ಬೂಟ್‌ಲೋಡರನ್ನು ಮೊದಲ ಡಿಸ್ಕ್‌ನ ಇಎಫ್ಐಗೇ ಬರೆದುಬಿಡುವುದುಂಟು. ಇನ್‌ಸ್ಟಾಲ್ ಹೊತ್ತಿಗೆ ವಿಂಡೋಸ್ ಡಿಸ್ಕನ್ನು ಬಿಚ್ಚಿಡುವುದು, ಬಯೋಸ್‌ನಲ್ಲಿ ಆಯ್ಕೆ ಇದ್ದರೆ ಆಫ್ ಮಾಡುವುದು ಖಚಿತ ಪರಿಹಾರ.

ಮೊದಲ ಬೂಟ್‌ನ ನೀಲಿ ಪರದೆ

ಮುಗಿದು ರೀಸ್ಟಾರ್ಟ್ ಆದಾಗ ‘ಪರ್ಫಾರ್ಮ್ ಮಾಕ್ ಮ್ಯಾನೇಜ್‌ಮೆಂಟ್’ ಎಂಬ ನೀಲಿ ಪರದೆ ಬಂದರೆ ಗಾಬರಿ ಬೇಡ, ಇದು ವಿಂಡೋಸ್‌ನ ದೋಷವಲ್ಲ. ನಿಮ್ಮ ಯಂತ್ರದಲ್ಲೇ ಸಹಿಯಾದ ಡ್ರೈವರ್‌ಗಳನ್ನು ನಂಬಬಹುದೇ ಎಂದು ಕೇಳುತ್ತಿದೆ. ಸುಮಾರು 10 ಸೆಕೆಂಡಿನೊಳಗೆ ಒಂದು ಕೀ ಒತ್ತಬೇಕು, ಇಲ್ಲದಿದ್ದರೆ ಸುಮ್ಮನೆ ಮುಂದೆ ಹೋಗಿಬಿಡುತ್ತದೆ. ‘ಎನ್‌ರೋಲ್ ಮಾಕ್’, ‘ಕಂಟಿನ್ಯೂ’, ‘ಯೆಸ್’, ಆಮೇಲೆ ಆಗಲೇ ಕೊಟ್ಟ ಪಾಸ್‌ವರ್ಡ್, ಕೊನೆಗೆ ‘ರೀಬೂಟ್’. ಇದನ್ನು ತಪ್ಪಿಸಿಕೊಂಡರೆ ಎನ್‌ವಿಡಿಯಾ ಡ್ರೈವರ್ ಇನ್‌ಸ್ಟಾಲ್ ಆಗಿದ್ದರೂ ಲೋಡ್ ಆಗುವುದಿಲ್ಲ.

ಆಮೇಲೆ ಕೈಕೊಡುವ ಸಂಗತಿಗಳು

ಗ್ರಬ್ ಬರದೆ ನೇರ ವಿಂಡೋಸ್ ಎದ್ದರೆ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡಬೇಡಿ. ಬಯೋಸ್‌ನ ಬೂಟ್ ಕ್ರಮದಲ್ಲಿ ‘ಉಬುಂಟು’ ಎಂಬ ಸಾಲನ್ನು ‘ವಿಂಡೋಸ್ ಬೂಟ್ ಮ್ಯಾನೇಜರ್’ಗಿಂತ ಮೇಲಕ್ಕೆ ತನ್ನಿ. ಮಿಂಟ್ ಹಾಕಿದ್ದರೂ ಹೆಸರು ‘ಉಬುಂಟು’ ಎಂದೇ ಇರುತ್ತದೆ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಈ ಕ್ರಮ ತಿರುಗಿಬೀಳುವುದುಂಟು, ಆಗಲೂ ಇದೇ ಮದ್ದು.

ತದ್ವಿರುದ್ಧ ಸ್ಥಿತಿ, ಗ್ರಬ್ ಬಂದರೂ ಅದರಲ್ಲಿ ವಿಂಡೋಸ್ ಇಲ್ಲ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಇಟಿಸಿ ಫೋಲ್ಡರ್‌ನ ಡಿಫಾಲ್ಟ್ ಒಳಗಿರುವ ಗ್ರಬ್ ಫೈಲನ್ನು ತೆರೆದು ‘ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್’ ಸಾಲಿನ ಮುಂದಿನ ಹ್ಯಾಶ್ ತೆಗೆದು ಬೆಲೆಯನ್ನು ‘ಫಾಲ್ಸ್’ ಮಾಡಿ. ನಂತರ ಟರ್ಮಿನಲ್‌ನಲ್ಲಿ ‘ಸುಡೊ ಅಪ್‌ಡೇಟ್-ಗ್ರಬ್’. ಮೆನು ಕಾಯುವ ಸೆಕೆಂಡುಗಳನ್ನು ಬದಲಿಸುವುದೂ ಇದೇ ಫೈಲಿನಲ್ಲಿ.

ಗಡಿಯಾರ ಗಂಟೆಗಟ್ಟಲೆ ತಪ್ಪು ತೋರಿಸುತ್ತದೆ, ಅದೂ ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ. ಬ್ಯಾಟರಿ ಕೆಟ್ಟಿಲ್ಲ. ಮದರ್‌ಬೋರ್ಡ್‌ನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ, ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದುತ್ತದೆ. ನಿಮ್ಮ ಸಮಯ ವಲಯ ಯುಟಿಸಿಯಿಂದ ಎಷ್ಟು ದೂರವೋ ತಪ್ಪು ಸರಿಯಾಗಿ ಅಷ್ಟೇ ಇರುತ್ತದೆ. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಹೊಡೆದರೆ ಲಿನಕ್ಸ್ ವಿಂಡೋಸ್‌ನ ದಾರಿಗೆ ಬರುತ್ತದೆ. ಟರ್ಮಿನಲ್ ಒಂದು ಎಚ್ಚರಿಕೆ ಕೊಟ್ಟು ಗೊಣಗುತ್ತದೆ, ಡ್ಯುಯಲ್ ಬೂಟ್ ಯಂತ್ರಕ್ಕೆ ಅದರಿಂದ ದೊಡ್ಡ ಬಾಧೆಯೇನೂ ಇಲ್ಲ.

‘ಎಸ್‌ಬ್ಯಾಟ್ ಸೆಲ್ಫ್-ಚೆಕ್ ಫೇಲ್ಡ್’ ಎಂಬ ಸಂದೇಶ ಕೊಟ್ಟು ಯಂತ್ರ ಆರಿಹೋಗುವುದು 2024ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಒಂದರಿಂದ ಬಹಳ ಮಂದಿಗೆ ಎದುರಾದ ಕಾಟ. ಹಳೆಯ, ಅಪಾಯಕಾರಿ ಬೂಟ್‌ಲೋಡರ್‌ಗಳನ್ನು ತಡೆಯುವ ಪಟ್ಟಿ ಡ್ಯುಯಲ್ ಬೂಟ್ ಯಂತ್ರಗಳಿಗೂ ಹೋಗಿ ಕೂತಿತು. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್‌ಗೆ ಹೋಗಿ ಎಲ್ಲ ಅಪ್‌ಡೇಟ್ ಹಾಕಿ, ‘ಮಾಕ್‌ಯುಟಿಲ್’ ಆಜ್ಞೆಯಲ್ಲಿ ಎಸ್‌ಬ್ಯಾಟ್ ಪಾಲಿಸಿ ಅಳಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ. ಲಿನಕ್ಸನ್ನು ವರ್ಷಗಟ್ಟಲೆ ಅಪ್‌ಡೇಟ್ ಮಾಡದೆ ಇಟ್ಟವರಿಗೆ ಇಂಥದ್ದು ಮತ್ತೆಯೂ ಬರಬಹುದು.

ಎರಡೂ ಕಡೆಯಿಂದ ತೆರೆಯಬೇಕಾದ ಫೈಲ್‌ಗಳಿಗೆ ಎನ್‌ಟಿಎಫ್‌ಎಸ್‌ನ ಒಂದು ಪ್ರತ್ಯೇಕ ಡ್ರೈವ್ ಇಡಿ. ಲಿನಕ್ಸ್ ಅದನ್ನು ಓದುತ್ತದೆ, ಬರೆಯುತ್ತದೆ. ಇಎಕ್ಸ್‌ಟಿ4 ಪಾರ್ಟಿಶನ್ ಮಾತ್ರ ವಿಂಡೋಸ್‌ಗೆ ಅರ್ಥವಾಗುವುದಿಲ್ಲ, ಅದಕ್ಕೊಂದು ಅಕ್ಷರ ಕೊಟ್ಟು ‘ಫಾರ್ಮ್ಯಾಟ್ ಮಾಡಬೇಕು’ ಎಂದೂ ಒಮ್ಮೊಮ್ಮೆ ಕೇಳುತ್ತದೆ. ‘ಕ್ಯಾನ್ಸಲ್’ ಒತ್ತಿ. ಲಿನಕ್ಸ್ ಪೂರ್ತಿ ಹೋಗಲು ಅಲ್ಲಿ ಎರಡು ಕ್ಲಿಕ್ ಸಾಕು.

ತೆಗೆಯಬೇಕೆನಿಸಿದರೆ

ಮೊದಲು ಬಯೋಸ್‌ನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೇಲಕ್ಕೆ ತಂದು, ವಿಂಡೋಸ್ ಗ್ರಬ್‌ನ ಹಂಗಿಲ್ಲದೆ ಏಳುತ್ತದೆ ಎಂದು ನೋಡಿಕೊಳ್ಳಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಪಾರ್ಟಿಶನ್ ಅಳಿಸಿ. ಕ್ರಮ ತಿರುವುಮುರುವಾದರೆ ಗ್ರಬ್ ತನ್ನ ಫೈಲ್‌ಗಳಿಲ್ಲದೆ ಬರೀ ಕಪ್ಪು ಪರದೆಯ ಪ್ರಾಂಪ್ಟ್‌ನಲ್ಲಿ ನಿಲ್ಲುತ್ತದೆ. ಆಗಲೂ ಬೂಟ್ ಮೆನು ಕೀ ಒತ್ತಿ ವಿಂಡೋಸ್ ಆರಿಸಿಕೊಳ್ಳಬಹುದು.

ಖಾಲಿಯಾದ ಜಾಗ ಸಿ ಡ್ರೈವ್‌ನ ಬಲಕ್ಕೇ ಅಂಟಿಕೊಂಡಿದ್ದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಕೆಲಸ ಮಾಡುತ್ತದೆ. ನಡುವೆ ರಿಕವರಿ ಪಾರ್ಟಿಶನ್ ಬಂದಿದ್ದರೆ ಆ ಸಾಲು ಮಂಕಾಗಿರುತ್ತದೆ. ಪೆನ್‌ಡ್ರೈವ್‌ನ ಲಿನಕ್ಸ್‌ನಲ್ಲಿ, ಪಾರ್ಟಿಶನ್ ತಿದ್ದುವ ಜಿಪಾರ್ಟೆಡ್‌ನಿಂದ ರಿಕವರಿಯನ್ನು ಬಲಕ್ಕೆ ಸರಿಸಿ ಮತ್ತೆ ಪ್ರಯತ್ನಿಸಿ. ಇಎಫ್ಐಯಲ್ಲಿ ಉಳಿದ ‘ಉಬುಂಟು’ ಫೋಲ್ಡರ್ ಕೆಲವೇ ಎಂಬಿಯದ್ದು, ಬಯೋಸ್ ಮೆನುವಿನಲ್ಲಿ ಹಳೇ ಹೆಸರು ಕಾಣುವುದು ಬಿಟ್ಟರೆ ಅದರಿಂದ ತೊಂದರೆಯಿಲ್ಲ.